ಹತ್ತಿ ನೆನೆಯುವ ತನಕ ಗುಂಡಿ ಒತ್ತಬೇಡ

ವೇಪ್‌ಗೆ, ಅಂದರೆ ಇ-ಸಿಗರೇಟಿಗೆ, ಹೊಸ ಕಾಯಿಲ್ ಹಾಕಿ, ಟ್ಯಾಂಕ್ ತುಂಬಿಸಿ, ಕೂಡಲೇ ಗುಂಡಿ ಒತ್ತಿ ಎಳೆದರೆ ಏನಾಗುತ್ತದೆ ಎಂಬುದು ನಿನಗೆ ಈಗಾಗಲೇ ಅನುಭವಕ್ಕೆ ಬಂದಿರಬಹುದು. ಸುಟ್ಟ ಹತ್ತಿಯ ಹೊಗೆ ನೇರ ಗಂಟಲಿಗೆ ಬಡಿಯುತ್ತದೆ. ಕೆಮ್ಮು ನಿಲ್ಲುವುದಿಲ್ಲ. ಆಮೇಲೆ ಎಷ್ಟು ಲಿಕ್ವಿಡ್ ಸುರಿದರೂ ಆ ಕಾಯಿಲ್‌ನಿಂದ ಸುಟ್ಟ ರುಚಿ ಹೋಗುವುದಿಲ್ಲ. ಅಂಗಡಿಯವನು ಕೆಟ್ಟ ಮಾಲು ಕೊಟ್ಟ ಅಂತ ಬೈಯುತ್ತೀಯ. ಮಾಲು ಸರಿಯಾಗಿಯೇ ಇತ್ತು. ಹತ್ತಿ ನೆನೆದಿರಲಿಲ್ಲ, ಅಷ್ಟೇ.

ಬ್ರಿಟನ್ನಿನಲ್ಲಿ 2025ರ ಜೂನ್ 1ರಿಂದ ಒಮ್ಮೆ ಬಳಸಿ ಬಿಸಾಡುವ ವೇಪ್‌ಗಳ ಮಾರಾಟ ನಿಂತಿದೆ. ಅಲ್ಲಿಯತನಕ ಪ್ಯಾಕೆಟ್ ಹರಿದು ಬಾಯಿಗಿಟ್ಟರೆ ಸಾಕಿತ್ತು. ಒಳಗಿನ ತಂತಿ, ಹತ್ತಿಯ ಗೊಡವೆ ಯಾರಿಗೂ ಇರಲಿಲ್ಲ. ಈಗ ಓದಲಿಕ್ಕೆ, ಕೆಲಸಕ್ಕೆ ಅಂತ ಇಲ್ಲಿಗೆ ಬಂದ ನಮ್ಮ ಹುಡುಗ ಹುಡುಗಿಯರ ಕೈಗೂ ತುಂಬಿಸಿ ಬಳಸುವ ಟ್ಯಾಂಕ್ ಬಂದಿದೆ. ಕೆಲವರು ಖರ್ಚು ಉಳಿಸಲು ಕಾಯಿಲ್ಲನ್ನು ತಾವೇ ಸುತ್ತಿಕೊಳ್ಳಲು ಹೊರಟಿದ್ದಾರೆ. ಹೇಳಿಕೊಡುವವರು ಕಡಿಮೆ. ನಾನು ದಾವಣಗೆರೆಯಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡಿ ಬದುಕಿದವನು. ಈಗ ಲೆಸ್ಟರ್‌ನಲ್ಲಿ ಮಗನ ಮನೆಯಲ್ಲಿದ್ದೇನೆ. ಹರೆಯದಲ್ಲಿ ಅಂಟಿಕೊಂಡ ಸಿಗರೇಟನ್ನು ಬಿಡಿಸಿದ್ದು ಇದೇ ಯಂತ್ರ. ತಂತಿ ಸುತ್ತುವುದು, ಓಮ್ ಅಳೆಯುವುದು ನನಗೆ ಹೊಸತಲ್ಲ. ಹಾಗಾಗಿ ನಾಲ್ಕು ಮಾತು ಹೇಳುತ್ತೇನೆ, ಕಿವಿಗೆ ಹಾಕಿಕೊ.

ಮೊದಲು ಒಂದು ಷರತ್ತು. ನೀನು ಸಿಗರೇಟು ಸೇದುತ್ತಿದ್ದು ಅದರಿಂದ ಹೊರಬರಲು ಇದನ್ನು ಹಿಡಿದಿದ್ದರೆ ಮುಂದೆ ಓದು. ಎಂದೂ ಸೇದದವನು, ಗೆಳೆಯರ ಕೈಯಲ್ಲಿ ಕಂಡು ಆಸೆಪಟ್ಟವನು ಆಗಿದ್ದರೆ ಇದು ನಿನಗಲ್ಲ. ಹೊಗೆಯ ಚಟ ಇಲ್ಲದವನು ನಿಕೋಟಿನ್ನಿನ ಚಟ ಹಚ್ಚಿಕೊಳ್ಳಲು ಯಾವ ಕಾರಣವೂ ಇಲ್ಲ. ಸಿಗರೇಟಿಗಿಂತ ಇದರ ಹಾನಿ ಬಹಳ ಕಡಿಮೆ ಎಂದು ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಇಲಾಖೆ 2015ರಲ್ಲಿ, ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2016ರಲ್ಲಿ ಹೇಳಿದ್ದು ನಿಜ. ಆದರೆ ಆ ಮಾತು ಸೇದುವವರಿಗೆ ಹೇಳಿದ್ದು. ಸೇದದವನಿಗೆ ಹೋಲಿಸಲು ಶುದ್ಧ ಗಾಳಿ ಇದೆ. ಹದಿನೆಂಟು ತುಂಬದವರಿಗೆ ಮಾರುವುದು ಇಲ್ಲಿ ಅಪರಾಧ, ಅದರ ಬಗ್ಗೆ ಎರಡು ಮಾತಿಲ್ಲ.

ಯಂತ್ರದ ಒಳಗೆ ಇರುವುದು ಬಹಳ ಸರಳ. ಬ್ಯಾಟರಿ, ಕಾಯಿಲ್ ಎಂಬ ತಂತಿಯ ಸುರುಳಿ, ಸುರುಳಿಯ ಹೊಟ್ಟೆಯೊಳಗೆ ಹತ್ತಿ, ಹತ್ತಿಗೆ ತಾಗಿ ಲಿಕ್ವಿಡ್. ಚೀನಾದ ಫಾರ್ಮಸಿಸ್ಟ್ ಹಾನ್ ಲಿಕ್ 2003ರಲ್ಲಿ ಈ ಕಾಲದ ಇ-ಸಿಗರೇಟನ್ನು ರೂಪಿಸಿದಾಗ ಅದರಲ್ಲಿ ಕಾಯುವ ತಂತಿಗೆ ಬದಲಾಗಿ ಅಲ್ಟ್ರಾಸೌಂಡ್ ಕಂಪನದಿಂದ ದ್ರವವನ್ನು ಹನಿಯಾಗಿಸುವ ವ್ಯವಸ್ಥೆ ಇತ್ತು. ತಂತಿಯ ಸುರುಳಿ ಆಮೇಲೆ ಬಂತು, ಅಗ್ಗವೂ ಸುಲಭವೂ ಆಗಿ ನಿಂತುಬಿಟ್ಟಿತು.

ಲಿಕ್ವಿಡ್‌ನಲ್ಲಿ ಮುಖ್ಯವಾಗಿ ಎರಡು ದ್ರವ. ಪ್ರೊಪಿಲೀನ್ ಗ್ಲೈಕಾಲ್, ಅಂಗಡಿ ಭಾಷೆಯಲ್ಲಿ ಪಿಜಿ, ತೆಳ್ಳಗೆ ಹರಿಯುತ್ತದೆ, 188 ಡಿಗ್ರಿಗೆ ಕುದಿಯುತ್ತದೆ. ಸಸ್ಯಜನ್ಯ ಎಣ್ಣೆಗಳಿಂದ ತೆಗೆದ ಗ್ಲಿಸರಿನ್, ಅಂದರೆ ವಿಜಿ, ಮಂದ. 290 ಡಿಗ್ರಿಗೆ ಕುದಿಯುತ್ತದೆ. ಹತ್ತಿ ಒದ್ದೆಯಾಗಿರುವ ತನಕ ತಂತಿಯ ಶಾಖವೆಲ್ಲ ಈ ದ್ರವವನ್ನು ಆವಿ ಮಾಡುವುದರಲ್ಲೇ ಖರ್ಚಾಗುತ್ತದೆ. ದ್ರವ ಕುದಿಯುವ ಮಟ್ಟ ದಾಟಿ ತಂತಿ ಹೆಚ್ಚು ಬಿಸಿಯಾಗಲು ದ್ರವವೇ ಬಿಡುವುದಿಲ್ಲ. ಹತ್ತಿ ಒಣಗಿದರೆ ಆ ತಡೆ ಹೋಯಿತು. ತಂತಿ ಕ್ಷಣದಲ್ಲಿ ಕೆಂಪಗಾಗುತ್ತದೆ, ಕೆಂಪಗಾದ ತಂತಿ 600 ಡಿಗ್ರಿ ದಾಟಿರುತ್ತದೆ, ಹತ್ತಿ ಕರಕಲಾಗುತ್ತದೆ. ದೇವರ ಮುಂದೆ ಎಣ್ಣೆಯಲ್ಲಿ ಅದ್ದದ ಬತ್ತಿಗೆ ಕಡ್ಡಿ ಗೀರಿದರೆ ಬತ್ತಿಯೇ ಉರಿದು ಹೋಗುವುದನ್ನು ನೀನು ಮನೆಯಲ್ಲಿ ನೋಡಿದ್ದೀಯ. ಇಲ್ಲಿ ನಡೆಯುವುದೂ ಅದೇ.

ಇದು ಬರೀ ರುಚಿಯ ಪ್ರಶ್ನೆಯಲ್ಲ. ಗ್ಲಿಸರಿನ್, ಗ್ಲೈಕಾಲ್ ಅತಿಯಾಗಿ ಕಾದರೆ ಒಡೆದು ಫಾರ್ಮಾಲ್ಡಿಹೈಡ್, ಅಕ್ರೋಲಿನ್‌ನಂಥ ವಿಷಗಳಾಗುತ್ತವೆ. 2015ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದವರು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಪತ್ರ ಪ್ರಕಟಿಸಿದರು: ಅದೇ ಯಂತ್ರ 3.3 ವೋಲ್ಟಿನಲ್ಲಿ ಓಡಿದಾಗ ಕಾಣದ ಫಾರ್ಮಾಲ್ಡಿಹೈಡ್ ಅಂಶ 5 ವೋಲ್ಟಿಗೆ ಏರಿಸಿದಾಗ ಕಂಡಿತ್ತು. ಅದೇ ವರ್ಷ ಗ್ರೀಸಿನ ಹೃದಯತಜ್ಞ ಕಾನ್‌ಸ್ಟಾಂಟಿನೋಸ್ ಫಾರ್ಸಲಿನೋಸ್ ಮತ್ತು ಜೊತೆಗಾರರು ಪಳಗಿದ ಬಳಕೆದಾರರ ಕೈಗೆ ಯಂತ್ರ ಕೊಟ್ಟು ನೋಡಿದರು. ಹತ್ತಿ ಒಣಗಿ ಸುಟ್ಟ ರುಚಿ ಬರುವ ಸ್ಥಿತಿಯಲ್ಲಿ ಮಾತ್ರ ಈ ವಿಷಗಳು ಜೋರಾಗಿ ಏರುತ್ತಿದ್ದವು. ಆ ರುಚಿಯನ್ನು ಯಾರೂ ಸಹಿಸಿಕೊಂಡು ಸೇದುವುದಿಲ್ಲ ಎಂಬುದೂ ಅವರ ವಾದವಾಗಿತ್ತು. ನಾನು ಇದರಿಂದ ತೆಗೆದುಕೊಂಡ ಪಾಠ ಇಷ್ಟು: ಸುಟ್ಟ ರುಚಿ ಬಂದರೆ ಅದು ದೇಹ ಕೊಡುವ ಎಚ್ಚರಿಕೆ. ಹಣ ಕೊಟ್ಟು ತಂದದ್ದು ಅಂತ ಆ ಕಾಯಿಲ್ಲನ್ನು ಮುಂದುವರಿಸಬೇಡ. ಕಿತ್ತು ಬಿಸಾಡು.

ಈಗ ನೆನೆಸುವ ಕ್ರಮ. ಅಂಗಡಿಯಿಂದ ತಂದ ಸಿದ್ಧ ಕಾಯಿಲ್ಲಿನ ಪಕ್ಕದಲ್ಲಿ ಎರಡೋ ಮೂರೋ ನಾಲ್ಕೋ ಸಣ್ಣ ಕಿಟಕಿಗಳಿರುತ್ತವೆ, ಒಳಗೆ ಬಿಳಿ ಹತ್ತಿ ಕಾಣುತ್ತದೆ. ಪ್ರತಿ ಕಿಟಕಿಗೂ ಲಿಕ್ವಿಡ್‌ನ ಒಂದೊಂದು ಹನಿ ಮುಟ್ಟಿಸು. ಹತ್ತಿ ಅದನ್ನು ಕುಡಿಯುವುದನ್ನು ನೋಡು, ಇನ್ನೊಂದು ಹನಿ ಹಾಕು. ಮೇಲಿನ ಬಾಯಿಯಿಂದ ಒಳಗೋಡೆಗೆ ಎರಡು ಹನಿ, ಅದಕ್ಕಿಂತ ಹೆಚ್ಚು ಬೇಡ; ನಡುವಿನ ಕೊಳವೆಯಲ್ಲಿ ಲಿಕ್ವಿಡ್ ನಿಂತರೆ ಗುಳುಗುಳು ಸದ್ದು ಮಾಡಿ ಬಾಯಿಗೆ ಸಿಡಿಯುತ್ತದೆ. ಆಮೇಲೆ ಟ್ಯಾಂಕ್ ತುಂಬಿಸಿ, ನಿಲ್ಲಿಸಿ, ಹತ್ತು ನಿಮಿಷ ಸುಮ್ಮನೆ ಬಿಡು. ವಿಜಿ ಹೆಚ್ಚಿರುವ ಮಂದ ಲಿಕ್ವಿಡ್ ಆದರೆ ಹದಿನೈದು. ಬಳಿಕ ಗುಂಡಿ ಒತ್ತದೆ ಎರಡು ಮೂರು ಸಲ ಮೆಲ್ಲಗೆ ಎಳೆ. ಟ್ಯಾಂಕಿನೊಳಗೆ ಒಂದು ಸಣ್ಣ ಗುಳ್ಳೆ ಎದ್ದು ಮೇಲಕ್ಕೆ ಹೋದರೆ ಕೆಲಸ ಆಯಿತು ಅಂತ ತಿಳಿ: ಲಿಕ್ವಿಡ್ ಹತ್ತಿಯೊಳಗೆ ಹೋಗಿದೆ, ಅದರ ಜಾಗಕ್ಕೆ ಗಾಳಿ ಬಂದಿದೆ.

ನಂತರವೂ ಪೂರ್ತಿ ಶಕ್ತಿಗೆ ಹೋಗಬೇಡ. ಕಾಯಿಲ್ಲಿನ ಮೈಮೇಲೆ ಓಮ್ ಮತ್ತು ವ್ಯಾಟ್ ಬರೆದಿರುತ್ತದೆ, 0.8 ಓಮ್, 12ರಿಂದ 16 ವ್ಯಾಟ್ ಎಂಬ ಹಾಗೆ. 10 ವ್ಯಾಟಿಗೆ ಇಟ್ಟು ಶುರು ಮಾಡು, ನಾಲ್ಕಾರು ಸಲ ಎಳೆದ ಮೇಲೆ ಒಂದೊಂದೇ ವ್ಯಾಟ್ ಏರಿಸು. ಎರಡು ಎಳೆತಗಳ ನಡುವೆ ಸ್ವಲ್ಪ ಹೊತ್ತು ಬಿಡು. ಖರ್ಚಾದಷ್ಟು ಲಿಕ್ವಿಡ್ ಹತ್ತಿಗೆ ಮತ್ತೆ ಏರಬೇಕು. ಬಿಡದೆ ಎಳೆಯುವವನ ಕಾಯಿಲ್ ಎಷ್ಟು ಚೆನ್ನಾಗಿ ನೆನೆದಿದ್ದರೂ ಒಣಗಿಯೇ ಒಣಗುತ್ತದೆ. ಸಣ್ಣ ಕಿಟಕಿಯ, ಹೆಚ್ಚು ಓಮ್‌ನ ಕಾಯಿಲ್ಲಿಗೆ ಅರ್ಧಕ್ಕರ್ಧ ಪಿಜಿ, ವಿಜಿ ಇರುವ ಲಿಕ್ವಿಡ್ ಹಾಕು, ನೂರಕ್ಕೆ 70 ಪಾಲು ವಿಜಿ ಇರುವುದು ಅದರೊಳಗೆ ಸರಿಯಾಗಿ ಇಳಿಯುವುದಿಲ್ಲ. ಇಲ್ಲಿನ ಚಳಿಗಾಲದಲ್ಲಿ ರಾತ್ರಿಯೆಲ್ಲ ಕಾರಿನಲ್ಲಿ ಬಿಟ್ಟ ಟ್ಯಾಂಕಿನ ಲಿಕ್ವಿಡ್ ಇನ್ನೂ ಮಂದವಾಗಿರುತ್ತದೆ. ಬೆಳಿಗ್ಗೆ ಬಸ್ಸಿಗೆ ಓಡುವ ಅವಸರದಲ್ಲಿ ನೇರ ಬಾಯಿಗಿಡಬೇಡ, ಸ್ವಲ್ಪ ಹೊತ್ತು ಒಳಜೇಬಿನಲ್ಲಿಟ್ಟು ಬೆಚ್ಚಗಾಗಲು ಬಿಡು.

ಸಿಹಿ ಹೆಚ್ಚಿರುವ ಲಿಕ್ವಿಡ್ ಕಾಯಿಲ್ಲಿನ ಶತ್ರು. ಸುಕ್ರಲೋಸ್ ಹಾಕಿದ ಲಿಕ್ವಿಡ್ ತಂತಿಯ ಮೇಲೆ ಕಪ್ಪಗೆ ಅಂಟು ಕಟ್ಟುತ್ತದೆ, ಎರಡು ವಾರ ಬರಬೇಕಾದ ಕಾಯಿಲ್ ಮೂರು ನಾಲ್ಕು ದಿನಕ್ಕೆ ಸಾಯುತ್ತದೆ. ಕಾಯಿಲ್ ಬೇಗ ಹೋಗುತ್ತಿದೆ ಅಂತ ದೂರುವವರನ್ನು ನಾನು ಮೊದಲು ಕೇಳುವುದು ಯಾವ ರುಚಿಯ ಲಿಕ್ವಿಡ್ ಹಾಕುತ್ತೀ ಅಂತ.

ತಾನೇ ಸುತ್ತಿಕೊಳ್ಳುವ ವಿಚಾರಕ್ಕೆ ಬರೋಣ. ಐದು ಸಿದ್ಧ ಕಾಯಿಲ್ಲುಗಳ ಪ್ಯಾಕೆಟ್ಟಿಗೆ ಹತ್ತು ಪೌಂಡ್ ಆಸುಪಾಸು ಆಗುತ್ತದೆ. ಹತ್ತು ಮೀಟರ್ ತಂತಿಯ ಸುರುಳಿ ಅದಕ್ಕಿಂತ ಅಗ್ಗ, ಅದರಲ್ಲಿ ಎಂಬತ್ತು ಕಾಯಿಲ್ ಆಗುತ್ತವೆ. ಉಳಿತಾಯ ಇದೆ, ಸುಳ್ಳಲ್ಲ. ಆದರೆ ಕೈ ಹಾಕುವ ಮುನ್ನ ಓಮ್‌ನ ನಿಯಮ ಬಾಯಿಗೆ ಬರಬೇಕು. ವೋಲ್ಟನ್ನು ಓಮ್‌ನಿಂದ ಭಾಗಿಸಿದರೆ ಆಂಪಿಯರ್. ಪೂರ್ತಿ ಚಾರ್ಜಾದ ಬ್ಯಾಟರಿ 4.2 ವೋಲ್ಟ್. ಯಂತ್ರದ ತಡೆಯಿಲ್ಲದೆ ನೇರವಾಗಿ ಜೋಡಿಸಿದರೆ 0.8 ಓಮ್ ಕಾಯಿಲ್ ಸುಮಾರು 5 ಆಂಪಿಯರ್ ಎಳೆಯುತ್ತದೆ, 0.2 ಓಮ್ ಆದರೆ 21 ಆಂಪಿಯರ್, 0.1 ಆದರೆ 42. ಒಳ್ಳೆಯ 18650 ಬ್ಯಾಟರಿಗಳಲ್ಲಿ ಅನೇಕವು ಸತತವಾಗಿ ಕೊಡಬಲ್ಲದ್ದು 15ರಿಂದ 20 ಆಂಪಿಯರ್. ಈ ಲೆಕ್ಕ ಕಾಗದದ ಮೇಲೆ ಮಾಡಲು ಬಾರದವನು ಸಿದ್ಧ ಕಾಯಿಲ್ಲನ್ನೇ ಕೊಳ್ಳಲಿ, ಅದರಲ್ಲಿ ಅವಮಾನವೇನಿಲ್ಲ.

ಕಲಿಯುವವನಿಗೆ ಒಂದೇ ಕಾಯಿಲ್ ಕೂರುವ ಆರ್‌ಟಿಎ, ಅಂದರೆ ಕಾಯಿಲ್ಲನ್ನು ನಾವೇ ಸುತ್ತಿ ಕೂರಿಸುವ ಟ್ಯಾಂಕ್, ಸಾಕು. ಕೆಳಗೆ ಓಮ್ ತೋರಿಸುವ, ಶಾರ್ಟ್ ಆದರೆ ತಾನೇ ನಿಲ್ಲುವ ರೆಗ್ಯುಲೇಟೆಡ್ ಯಂತ್ರ ಕಡ್ಡಾಯ. ತಂತಿ ಕಾಂಥಲ್ ಎ1 ಇರಲಿ. ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಸೇರಿದ ಈ ಮಿಶ್ರಲೋಹವನ್ನು ಸ್ವೀಡನ್ನಿನಲ್ಲಿ ಹಾನ್ಸ್ ಫಾನ್ ಕಾಂಟ್‌ಜೋವ್ ರೂಪಿಸಿದರು. ಕುಲುಮೆಗಳ, ಹೀಟರುಗಳ ತಂತಿ ಇದೇ. ಕಾದಾಗ ಇದರ ಮೇಲೆ ಅಲ್ಯೂಮಿನಿಯಂ ಆಕ್ಸೈಡಿನ ತೆಳು ಪೊರೆ ಕಟ್ಟುತ್ತದೆ. ಆ ಪೊರೆ ವಿದ್ಯುತ್ತನ್ನು ಬಿಡುವುದಿಲ್ಲ, ಆದ್ದರಿಂದಲೇ ಸುತ್ತುಗಳು ಒಂದಕ್ಕೊಂದು ತಾಗಿಕೊಂಡಿದ್ದರೂ ಕಾಯಿಲ್ ಶಾರ್ಟ್ ಆಗುವುದಿಲ್ಲ. ಮೋಟಾರ್ ವೈಂಡಿಂಗಿನ ತಾಮ್ರದ ತಂತಿಗೆ ನಾವು ಎನಾಮಲ್ ಹಾಕಿಸಿ ತರುತ್ತಿದ್ದೆವು. ಇದು ತನ್ನ ಹೊದಿಕೆಯನ್ನು ತಾನೇ ಮಾಡಿಕೊಳ್ಳುತ್ತದೆ. ಈ ಲೋಹ ನನಗೆ ಬಹಳ ಇಷ್ಟ. ನಿಕಲ್, ಟೈಟೇನಿಯಂ ತಂತಿಗಳನ್ನು ಈಗಲೇ ಮುಟ್ಟಬೇಡ. ಅವು ಟೆಂಪರೇಚರ್ ಕಂಟ್ರೋಲ್ ಇರುವ ಯಂತ್ರಕ್ಕೆ ಮಾತ್ರ, ಮತ್ತು ಅವನ್ನು ಕೆಂಪಗೆ ಕಾಯಿಸಲೇಬಾರದು.

26 ಗೇಜ್ ಕಾಂಥಲ್ ತೆಗೆದುಕೊ, ಅದರ ದಪ್ಪ 0.4 ಮಿಲಿಮೀಟರ್, ಮೀಟರಿಗೆ ಸುಮಾರು ಹನ್ನೊಂದೂವರೆ ಓಮ್. 3 ಮಿಲಿಮೀಟರ್ ಕಡ್ಡಿಯ ಮೇಲೆ ಆರು ಸುತ್ತು ಹಾಕು. ಒಂದು ಸುತ್ತಿಗೆ ಹತ್ತೂವರೆ ಮಿಲಿಮೀಟರ್‌ಗೆ ತುಸು ಹೆಚ್ಚು ತಂತಿ ಬೇಕು, ಆರಕ್ಕೆ 64, ಎರಡು ಕಾಲುಗಳಿಗೆ 10. ಒಟ್ಟು 74 ಮಿಲಿಮೀಟರ್, ಅಂದರೆ 0.85 ಓಮ್. ಈ ಲೆಕ್ಕವನ್ನು ಕಾಗದದ ಮೇಲೆ ಬರೆದಿಟ್ಟುಕೊಂಡೇ ಕೆಲಸಕ್ಕೆ ಕೂರು. ಯಂತ್ರ ಮುಂದೆ ತೋರಿಸುವ ಅಂಕಿಗೂ ಈ ಅಂಕಿಗೂ ತಾಳೆ ಬೀಳಬೇಕು.

ಸುತ್ತುವಾಗ ತಂತಿಯನ್ನು ಬಿಗಿಯಾಗಿ ಎಳೆದು ಹಿಡಿ, ಸಡಿಲ ಸುತ್ತು ಕಾದಾಗ ಒಂದೆಡೆ ಹೆಚ್ಚು, ಒಂದೆಡೆ ಕಡಿಮೆ ಬಿಸಿಯಾಗುತ್ತದೆ. ಕಾಲುಗಳನ್ನು ಎರಡು ಕಂಬಗಳ ತೂತಿಗೆ ತೂರಿಸಿ ಸ್ಕ್ರೂ ಬಿಗಿ ಮಾಡು; ಅತಿಯಾಗಿ ತಿರುಗಿಸಿದರೆ ತಂತಿ ಕತ್ತರಿಸಿ ಹೋಗುತ್ತದೆ. ಹೊರಗೆ ಚಾಚಿದ ತುದಿಯನ್ನು ಕಂಬದ ಅಂಚಿಗೆ ಸರಿಯಾಗಿ ಕತ್ತರಿಸು. ನಿನ್ನ ಕಣ್ಣಿಗೆ ಕಾಣದಷ್ಟು ಸಣ್ಣ ತುದಿ ಮೇಲಿನ ಮುಚ್ಚಳಕ್ಕೆ ತಾಗಿದರೂ ಅದು ಶಾರ್ಟ್. ಕಾಯಿಲ್ ನಡುವೆ ಇರಬೇಕು, ಅಕ್ಕಪಕ್ಕದ ಯಾವ ಲೋಹಕ್ಕೂ ತಾಗಬಾರದು. ಕಡ್ಡಿಯನ್ನು ಹೊರಗೆ ಎಳೆದುಕೊ.

ಈಗ ಯಂತ್ರಕ್ಕೆ ಸೇರಿಸು, ಗುಂಡಿ ಒತ್ತುವ ಮೊದಲು ಓಮ್ ನೋಡು. 0.8, 0.9ರ ಆಸುಪಾಸು ಇದ್ದರೆ ಸರಿ. 0.3 ತೋರಿಸಿದರೆ ಎಲ್ಲೋ ತಾಗಿದೆ. ಒಮ್ಮೆ ಒಂದು ಒಮ್ಮೆ ಇನ್ನೊಂದು ತೋರಿಸುತ್ತಿದ್ದರೆ ಸ್ಕ್ರೂ ಸಡಿಲ. ತಾಳೆ ಬೀಳದಿದ್ದರೆ ಬಿಚ್ಚಿ ಮತ್ತೆ ಹಾಕು. ನೋಡೋಣ ಅಂತ ಒತ್ತಿ ನೋಡುವುದು ಬೇಡವೇ ಬೇಡ.

ಹತ್ತಿ ಹಾಕುವ ಮುನ್ನ ಖಾಲಿ ಕಾಯಿಲ್ಲನ್ನು ಒಮ್ಮೆ ಕಾಯಿಸಿ ನೋಡಬೇಕು. ಟ್ಯಾಂಕ್, ಮುಚ್ಚಳ ಎಲ್ಲ ತೆಗೆದಿರಲಿ, ಕೋಣೆಯ ಕಿಟಕಿ ತೆರೆದಿರಲಿ. 12 ವ್ಯಾಟಿನ ಸುತ್ತ ಇಟ್ಟು ಒಂದೊಂದು ಸೆಕೆಂಡ್ ಒತ್ತಿ ಬಿಡು. ಸರಿಯಾಗಿ ಸುತ್ತಿದ ಕಾಯಿಲ್ ಮೊದಲು ನಡುವಿನ ಸುತ್ತುಗಳಲ್ಲಿ ಮಂಕಾಗಿ ಕೆಂಪಾಗುತ್ತದೆ, ಆ ಕೆಂಪು ಎರಡೂ ಕಡೆಗೆ ಸಮವಾಗಿ ಹರಡಿ ತುದಿ ಮುಟ್ಟುತ್ತದೆ. ಕಾಲೊಂದು ಮೊದಲು ಹೊಳೆದರೆ, ಅಥವಾ ಒಂದೇ ಸುತ್ತು ಬೆಳ್ಳಗೆ ಉರಿದರೆ, ಅಲ್ಲಿ ದೋಷವಿದೆ. ಗುಂಡಿ ಬಿಟ್ಟು, ಸೆರಾಮಿಕ್ ಚಿಮಟದಿಂದ ಸುತ್ತುಗಳನ್ನು ಮೆಲ್ಲಗೆ ಒತ್ತಿ ಕೂಡಿಸು, ಮತ್ತೆ ಒತ್ತಿ ನೋಡು. ಉಕ್ಕಿನ ಚಿಮಟ ಬೇಡ, ಅದರಲ್ಲಿ ವಿದ್ಯುತ್ ಹರಿಯುತ್ತದೆ. ಕೆಂಪು ಸಮವಾಗಿ ಹರಡಿದ ಮೇಲೆ ತಣ್ಣಗಾಗಲು ಬಿಡು. ಕಣ್ಣಿಗೆ ತಣ್ಣಗೆ ಕಂಡರೂ ಬೆರಳು ಸುಡುತ್ತದೆ, ತಾಳ್ಮೆ ಇರಲಿ.

ಹತ್ತಿಯ ಕೆಲಸವೇ ಎಲ್ಲಕ್ಕಿಂತ ನಾಜೂಕು. ರಾಸಾಯನಿಕ ಬಿಳುಪು ಹಾಕದ ಶುದ್ಧ ಹತ್ತಿ ಬೇಕು. ಮುಖ ಒರೆಸುವ, ಪರಿಮಳ ಹಾಕಿದ ಪ್ಯಾಡ್ ಬೇಡ. ಒಂದು ತುದಿಯನ್ನು ಬೆರಳಲ್ಲಿ ಹೊಸೆದು ಚೂಪು ಮಾಡಿ ಕಾಯಿಲ್ಲಿನೊಳಗೆ ತೂರಿಸಿ ಎಳೆ. ಎಳೆಯುವಾಗ ಸ್ವಲ್ಪ ತಡೆ ತಿಳಿಯಬೇಕು, ಕಾಯಿಲ್ ಚೂರು ಅಲುಗಬೇಕು, ಆದರೆ ಬಾಗಬಾರದು. ತೀರಾ ಬಿಗಿಯಾದರೆ ಲಿಕ್ವಿಡ್ ಒಳಗೆ ಏರದೆ ನಡುಭಾಗ ಸುಡುತ್ತದೆ, ಸಡಿಲವಾದರೆ ತಂತಿಗೂ ಹತ್ತಿಗೂ ನಡುವೆ ಖಾಲಿ ಜಾಗ ಉಳಿದು ಅಲ್ಲೇ ಸುಡುತ್ತದೆ. ಎರಡೂ ಕಡೆ ಚಾಚಿದ ಹತ್ತಿಯನ್ನು ತಳದ ಅಂಚಿನ ಉದ್ದಕ್ಕೆ ಕತ್ತರಿಸಿ, ಚಿಮಟದಿಂದ ಬಾಚಿ ಬಾಲ ತೆಳ್ಳಗೆ ಮಾಡು, ಲಿಕ್ವಿಡ್ ಬರುವ ತೂತುಗಳ ಮೇಲೆ ಮಲಗಿಸು. ತುರುಕಬೇಡ. ತೂತು ಮುಚ್ಚಿಕೊಂಡಿರಬೇಕು, ಉಸಿರು ಕಟ್ಟಿರಬಾರದು. ಆರ್‌ಟಿಎ ಸೋರುವುದಕ್ಕೂ ಒಣಗುವುದಕ್ಕೂ ಬಹುಪಾಲು ಕಾರಣ ಈ ಬಾಲಗಳೇ. ಇದನ್ನು ಓದಿ ಕಲಿಯಲಾಗುವುದಿಲ್ಲ. ಕೈಗೆ ಬರುವ ತನಕ ಹತ್ತಿ ಕಿತ್ತು ಕಿತ್ತು ಹಾಕಬೇಕು, ಹತ್ತಿಯೇನೂ ದುಬಾರಿಯಲ್ಲ.

ಆಮೇಲೆ ಹನಿ ಹನಿಯಾಗಿ ನೆನೆಸು. ಬಿಳಿ ಹತ್ತಿ ನೋಡುನೋಡುತ್ತ ಗಾಜಿನಂತೆ ಪಾರದರ್ಶಕವಾಗುತ್ತದೆ. ಎಲ್ಲಿ ಬಿಳಿ ಉಳಿದಿದೆಯೋ ಅಲ್ಲಿಗೆ ಇನ್ನೊಂದು ಹನಿ. ಬಾಲಗಳೂ ನೆನೆಯಲಿ. ಕಾಯಿಲ್ಲಿನ ಕೆಳಮೈಯನ್ನು ಬಗ್ಗಿ ನೋಡು, ಬಿಳಿ ಹೆಚ್ಚಾಗಿ ಅಡಗುವುದು ಅಲ್ಲಿ. ಪೂರ್ತಿ ನೆನೆದ ಮೇಲೆ ಅರ್ಧ ಸೆಕೆಂಡ್ ಒತ್ತಿದರೆ ಚುರ್ ಅಂತ ಸದ್ದಾಗಿ ಆವಿ ಏಳುತ್ತದೆ. ಇನ್ನೆರಡು ಹನಿ ಹಾಕು, ಟ್ಯಾಂಕ್ ಮುಚ್ಚಿ ತುಂಬಿಸು, ಸಿದ್ಧ ಕಾಯಿಲ್ಲಿಗೆ ಹೇಳಿದಷ್ಟೇ ಹೊತ್ತು ಕಾಯಿ.

ಕೆಲವು ದಿನಗಳ ಮೇಲೆ ರುಚಿ ಮಂಕಾದಾಗ ತಂತಿ ಬದಲಿಸಬೇಕಾಗಿಲ್ಲ. ಹತ್ತಿ ತೆಗೆದು, ಖಾಲಿ ಕಾಯಿಲ್ಲನ್ನು ಮೆಲ್ಲಗೆ ಕಾಯಿಸಿ ಅಂಟು ಸುಟ್ಟು, ತಣಿದ ಮೇಲೆ ತೊಳೆದು ಒಣಗಿಸಿ, ಹೊಸ ಹತ್ತಿ ಹಾಕಿದರೆ ಸಾಕು.

ಯಾವ ಕಾರಣಕ್ಕೂ ಎಣ್ಣೆ ಹಾಕಬೇಡ. ನೆಗಡಿಗೆ ನೀಲಗಿರಿ ಎಣ್ಣೆ ಒಂದು ಹನಿ ಹಾಕಿದರೆ ಒಳ್ಳೆಯದಲ್ಲವೇ ಅಂತ ಕೇಳಿದವರಿದ್ದಾರೆ. ಅಲ್ಲ. ಬಿಸಿನೀರಿನ ಹಬೆ ಬೇರೆ, ಇದು ಬೇರೆ. ಎಣ್ಣೆ ಶ್ವಾಸಕೋಶಕ್ಕೆ ಹೋದರೆ ಅಲ್ಲಿಂದ ಸುಲಭವಾಗಿ ಹೊರಬರುವುದಿಲ್ಲ. 2019ರಲ್ಲಿ ಅಮೆರಿಕದಲ್ಲಿ ವೇಪ್ ಮಾಡಿದವರ ಶ್ವಾಸಕೋಶಗಳು ಇದ್ದಕ್ಕಿದ್ದಂತೆ ಕೆಡತೊಡಗಿ, 2020ರ ಫೆಬ್ರವರಿ ಹೊತ್ತಿಗೆ 2,807 ಪ್ರಕರಣ, 68 ಸಾವು ದಾಖಲಾದವು. ಕಳ್ಳ ಮಾರುಕಟ್ಟೆಯ ಗಾಂಜಾ ಕಾರ್ಟ್ರಿಜ್‌ಗಳಲ್ಲಿ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಎಂಬ ಎಣ್ಣೆಯಂಥ ಪದಾರ್ಥ ಅದಕ್ಕೆ ಮುಖ್ಯ ಕಾರಣವೆಂದು ಗೊತ್ತಾಯಿತು. ಗೆಳೆಯ ತಂದುಕೊಟ್ಟ ಹೆಸರಿಲ್ಲದ ಬಾಟಲಿಯನ್ನು ಮುಟ್ಟಲೂ ಬೇಡ.

ಬ್ಯಾಟರಿಯ ಬಗ್ಗೆ ನಾನು ಗಟ್ಟಿಯಾಗಿ ಹೇಳುವುದಿದೆ. 18650 ಅಂದರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ಲಿಥಿಯಂ ಬ್ಯಾಟರಿ. ಅದರ ಮೈಯೆಲ್ಲ ಋಣ ತುದಿ. ಹೊರಗಿನ ತೆಳು ಪ್ಲಾಸ್ಟಿಕ್ ಹೊದಿಕೆಯೊಂದೇ ರಕ್ಷಣೆ. ಹೊದಿಕೆ ಹರಿದರೆ ಹೊಸ ಹೊದಿಕೆ ಹಾಕಿಸು, ಇಲ್ಲವೇ ಮರುಬಳಕೆ ಪೆಟ್ಟಿಗೆಗೆ ಹಾಕು. ಬೀಗದ ಕೈ, ಚಿಲ್ಲರೆ ಇರುವ ಜೇಬಿನಲ್ಲಿ ಬಿಡಿ ಬ್ಯಾಟರಿ ಹಾಕಿಕೊಂಡು ತೊಡೆ ಸುಟ್ಟುಕೊಂಡವರು ಎಷ್ಟೋ ಮಂದಿ. ಪ್ಲಾಸ್ಟಿಕ್ ಡಬ್ಬಿಗೆ ಒಂದು ಪೌಂಡ್ ಸಾಕು. ಮೂವತ್ತು ಆಂಪಿಯರ್ ಮೀರಿದ ಅಂಕಿ ಬರೆದ 18650 ಕಂಡರೆ ನಂಬಬೇಡ. ಎರಡು ಬ್ಯಾಟರಿಯ ಯಂತ್ರಕ್ಕೆ ಒಟ್ಟಿಗೆ ಕೊಂಡ ಜೋಡಿಯನ್ನೇ ಒಟ್ಟಿಗೆ ಬಳಸು, ಒಟ್ಟಿಗೆ ಚಾರ್ಜ್ ಮಾಡು.

ಮೆಕ್ಯಾನಿಕಲ್ ಮಾಡ್ ಎಂಬ ಲೋಹದ ಕೊಳವೆಯಿಂದ ದೂರ ಇರು. ಅದರಲ್ಲಿ ಬ್ಯಾಟರಿಗೂ ಕಾಯಿಲ್ಲಿಗೂ ನಡುವೆ ಬರೀ ಒಂದು ಸ್ವಿಚ್ ಇರುತ್ತದೆ. ಶಾರ್ಟ್ ಆದರೆ ನಿಲ್ಲಿಸಲು ಏನೂ ಇರುವುದಿಲ್ಲ. 2018ರಲ್ಲಿ ಫ್ಲಾರಿಡಾದಲ್ಲಿ, 2019ರಲ್ಲಿ ಟೆಕ್ಸಸ್‌ನಲ್ಲಿ ಸಿಡಿದ ವೇಪ್‌ನ ಚೂರು ಹೊಕ್ಕು ಒಬ್ಬೊಬ್ಬರು ಸತ್ತರು. ಇಬ್ಬರಿಗೂ ನಲವತ್ತು ತುಂಬಿರಲಿಲ್ಲ. ಭಾರಿ ಗಾತ್ರದ ಆವಿಯ ಮೋಡ ಬಿಡುವ ಪಂದ್ಯಕ್ಕೆ 0.1 ಓಮ್ ಕಾಯಿಲ್ ಸುತ್ತುವ ಗೆಳೆಯರಿದ್ದರೆ ಅವರ ಪಕ್ಕ ಕೂರುವುದೂ ಬೇಡ ಅನ್ನುತ್ತೇನೆ.

ನಿಕೋಟಿನ್ ವಿಷ ಎಂಬುದನ್ನು ಮರೆಯಬೇಡ. ಇಲ್ಲಿನ ಕಾನೂನಿನಂತೆ ನಿಕೋಟಿನ್ ಲಿಕ್ವಿಡ್ 10 ಮಿಲಿಲೀಟರ್ ಬಾಟಲಿಯಲ್ಲಿ, ಮಿಲಿಲೀಟರಿಗೆ 20 ಮಿಲಿಗ್ರಾಂ ಮೀರದಂತೆ ಬರುತ್ತದೆ. ಮಕ್ಕಳು ಸುಲಭವಾಗಿ ತೆರೆಯಲಾಗದ ಮುಚ್ಚಳ ಕಡ್ಡಾಯ, ಆದರೂ ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಬೀಗ ಹಾಕಿದ ಜಾಗದಲ್ಲಿಡು. ಚರ್ಮಕ್ಕೆ ಬಿದ್ದರೆ ಕೂಡಲೇ ತೊಳೆದುಕೊ. 

ಊರಿಗೆ ಹೋಗುವಾಗ ಇದಾವುದನ್ನೂ ಜೊತೆಗೆ ಒಯ್ಯಬೇಡ. ಕರ್ನಾಟಕ 2016ರಲ್ಲೇ ಇ-ಸಿಗರೇಟನ್ನು ನಿಷೇಧಿಸಿತ್ತು. 2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂದು, ಅದೇ ಡಿಸೆಂಬರ್‌ನಲ್ಲಿ ಕಾಯ್ದೆ ಮಾಡಿತು. ತಯಾರಿಕೆ, ಆಮದು, ಮಾರಾಟ, ಸಾಗಣೆ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲಕ್ಕೆ ಒಂದು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ದಾಸ್ತಾನು ಇಟ್ಟರೂ ಆರು ತಿಂಗಳವರೆಗೆ ಜೈಲು, ಐವತ್ತು ಸಾವಿರದವರೆಗೆ ದಂಡ. ತಮ್ಮನಿಗೆ ಒಂದು ಬೇಕಂತೆ ಅಂತ ಪೆಟ್ಟಿಗೆಯಲ್ಲಿ ಹಾಕಿಕೊಂಡು ಬೆಂಗಳೂರಿನಲ್ಲಿ ಇಳಿದರೆ ಅದು ಆಮದು. ಸಿಂಗಪುರದಲ್ಲಿ ವಿಮಾನ ಬದಲಿಸುವವರಂತೂ ಇನ್ನೂ ಎಚ್ಚರವಾಗಿರಿ, ಅಲ್ಲಿ 2018ರಿಂದ ಹತ್ತಿರ ಇಟ್ಟುಕೊಳ್ಳುವುದೇ ಅಪರಾಧ.

ಕೊನೆಗೆ ನಿನ್ನ ಗುರಿಯ ವಿಚಾರ. ಸುತ್ತುವುದು, ಹತ್ತಿ ಹಾಕುವುದು ಕೈಗೆ ಬಂದಾಗ ಖುಷಿಯಾಗುತ್ತದೆ, ಅದು ಸಹಜ. ಆದರೆ ತಂತಿಯ ಅಂಕಿಗಳ ಜೊತೆಗೆ ಬಾಟಲಿಯ ಮೇಲಿನ ಅಂಕಿಯನ್ನೂ ನೋಡುತ್ತಿರು. 50 ಮಿಲಿಲೀಟರ್ ನಿಕೋಟಿನ್ ಇಲ್ಲದ ಲಿಕ್ವಿಡ್‌ಗೆ 18 ಮಿಲಿಗ್ರಾಮಿನ 10 ಮಿಲಿಲೀಟರ್ ಬೆರೆಸಿದರೆ ಮಿಲಿಲೀಟರಿಗೆ 3 ಮಿಲಿಗ್ರಾಂ ಆಗುತ್ತದೆ. ಹನ್ನೆರಡರಲ್ಲಿ ಇದ್ದರೆ ಆರಕ್ಕೆ, ಆರರಲ್ಲಿ ನೆಲೆನಿಂತ ಮೇಲೆ ಮೂರಕ್ಕೆ, ಅಲ್ಲಿಂದ ಸೊನ್ನೆಗೆ ಇಳಿ. ಇಳಿಸುವ ಭರದಲ್ಲಿ ಮತ್ತೆ ಸಿಗರೇಟಿನತ್ತ ಮನಸ್ಸು ಎಳೆದರೆ ಒಂದು ಮೆಟ್ಟಿಲು ಹಿಂದಕ್ಕೆ ಹೋಗಿ ನಿಲ್ಲು, ಸಿಗರೇಟಿಗೆ ಮಾತ್ರ ಹಿಂದಿರುಗಬೇಡ. ಒಬ್ಬನೇ ಹೆಣಗುವ ಅಗತ್ಯವೂ ಇಲ್ಲ. ಇಂಗ್ಲೆಂಡಿನಲ್ಲಿ ಧೂಮಪಾನ ಬಿಡಿಸುವ ಸ್ಥಳೀಯ ಸೇವೆ ಉಚಿತ. ಈ ವಾರವೇ ಒಂದು ಫೋನ್ ಮಾಡು.